ದಿನಾ ನುಡಿಸೋ ಗಿಟಾರ್‌ಗೆ ಮರಕ್ಕಿಂತ ಮಿಲಿಮೀಟರ್ ಮುಖ್ಯ

1862ರಲ್ಲಿ ಸ್ಪೇನ್‌ನ ಅಂತೋನಿಯೊ ದೆ ತೊರೆಸ್ ಅನ್ನೋ ಗಿಟಾರ್ ಮೇಕರ್ ಒಂದು ತರಲೆ ಕೆಲಸ ಮಾಡಿದ. ಇವತ್ತು ನಾವು ನೋಡೋ ಕ್ಲಾಸಿಕಲ್ ಗಿಟಾರಿನ ಅಳತೆ, ಆಕಾರ ಎಲ್ಲ ಹೆಚ್ಚೂಕಮ್ಮಿ ಈ ಪುಣ್ಯಾತ್ಮನಿಂದಾನೇ ಬಂದಿದ್ದು, ಹಂಗಾಗಿ ಮರದ ಬಗ್ಗೆ ಗೊತ್ತಿಲ್ದೆ ಮಾಡಿದ್ದಂತೂ ಅಲ್ಲ. ಮುಂದಿನ ಹಲಗೆ ಮಾತ್ರ ಒಳ್ಳೆ ಸ್ಪ್ರೂಸ್ ಮರದಲ್ಲಿ ಮಾಡಿ, ಬೆನ್ನು ಮತ್ತೆ ಪಕ್ಕೆ ಎರಡನ್ನೂ ಕಾಗದದ ರಟ್ಟಲ್ಲಿ ಮಾಡಿ ಅಂಟಿಸಿಬಿಟ್ಟ. ಗಿಟಾರಿನ ನಾದ ಹುಟ್ಟೋದು ಮುಂದಿನ ಹಲಗೇಲಿ, ಉಳಿದಿದ್ದೆಲ್ಲ ಆಮೇಲಿನ ಮಾತು ಅಂತ ತೋರಿಸೋಕೆ. ಆ ರಟ್ಟಿನ ಗಿಟಾರ್ ಈಗ್ಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ.

ನೂರೈವತ್ತು ವರ್ಷದ ಮೇಲಾಯ್ತು, ಆದ್ರೂ ಯಾರಾದ್ರೂ "ದಿನಾ ಮನೇಲಿ ನುಡಿಸೋಕೆ ಒಂದು ಅಕೌಸ್ಟಿಕ್ ಗಿಟಾರ್ ಬೇಕು, ಜಾಸ್ತಿ ದುಡ್ಡಿಲ್ಲ, ಯಾವ್ದು ತಗೊಳ್ಲಿ" ಅಂತ ಕೇಳಿದ್ರೆ ಶುರುವಾಗೋದು ಮರದ ಪುರಾಣಾನೇ. ರೋಸ್‌ವುಡ್ಡಾ ಮಹಾಗನಿನಾ, ಆಲ್ ಸಾಲಿಡ್ಡಾ, ಪ್ಲೈವುಡ್ ಆದ್ರೆ ಕೈ ಕೂಡ ಹಾಕ್ಬೇಡ, ಹಿಂಗೆ. ನಾನೂ ಒಂದು ಕಾಲದಲ್ಲಿ ಇದನ್ನೇ ಹೇಳ್ಕೊಂಡು ಓಡಾಡ್ತಿದ್ದೆ. ಒಂದಷ್ಟು ಗಿಟಾರ್ ಹಾಳು ಮಾಡಿ, ಒಂದಷ್ಟು ರಿಪೇರಿ ಮಾಡಿದ್ಮೇಲೆ ಈಗ ನನ್ನ ಅಭಿಪ್ರಾಯ ಪೂರ್ತಿ ತಿರುಗಿದೆ. ಕಮ್ಮಿ ಬೆಲೆ ಗಿಟಾರ್ ಕೆಟ್ಟದಾಗಿದ್ರೆ ಬಹುಪಾಲು ಅದು ಮರದ ತಪ್ಪಲ್ಲ, ಅಳತೆ ತಪ್ಪಿರೋದು. ಮರಾನ ಬದಲಾಯಿಸೋಕಾಗಲ್ಲ, ಅಳತೇನ ಸರಿ ಮಾಡ್ಬಹುದು. ಇಷ್ಟು ಗೊತ್ತಾಗ್ಬಿಟ್ರೆ ಅಗ್ಗದ, ಗಟ್ಟಿಮುಟ್ಟಾದ ಗಿಟಾರ್ ಯಾಕೆ ಅಷ್ಟೊಂದು ಜನಕ್ಕೆ ಇಷ್ಟ ಆಗತ್ತೆ ಅನ್ನೋದೂ ಅರ್ಥ ಆಗತ್ತೆ.

ಮೊದ್ಲು ಸಾಲಿಡ್ ಅಂದ್ರೇನು, ಲ್ಯಾಮಿನೇಟ್ ಅಂದ್ರೇನು ಅಂತ ನೋಡೋಣ. ಸಾಲಿಡ್ ಅಂದ್ರೆ ಮರದಿಂದ ನೇರವಾಗಿ ಕೊಯ್ದ ಹಲಗೆ, ಎಳೆ ಎಲ್ಲ ಒಂದೇ ದಿಕ್ಕಿಗೆ ಇರತ್ತೆ, ಟಾಪ್, ಅಂದ್ರೆ ಮುಂದಿನ ಹಲಗೆ ಆದ್ರೆ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ ಅಷ್ಟೇ. ಲ್ಯಾಮಿನೇಟ್ ಅಂದ್ರೆ ತೆಳು ಪದರಗಳನ್ನ ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರೋ ಹಂಗೆ ಅಂಟು ಹಾಕಿ ಒತ್ತಿರೋದು, ಪ್ಲೈವುಡ್ ಅನ್ನಿ ಬೇಕಾದ್ರೆ, ಹೆಸರು ಬದಲಾದ ತಕ್ಷಣ ವಸ್ತು ಬದಲಾಗಲ್ಲ. ಈಗ ತಂತಿ ಮೀಟಿದಾಗ ಏನಾಗತ್ತೆ? ತಂತಿ ತಾನೇ ಜಾಸ್ತಿ ಸದ್ದು ಮಾಡಲ್ಲ, ಅದು ತುಂಬಾ ಸಣ್ಣ, ಗಾಳೀನ ತಳ್ಳೋಕೆ ಅದಕ್ಕೆ ಅಗಲಾನೇ ಇಲ್ಲ. ಅದು ಬ್ರಿಡ್ಜನ್ನ, ಅಂದ್ರೆ ಟಾಪಿಗೆ ಅಂಟಿಸಿರೋ, ತಂತಿ ಕಟ್ಟೋ ಪಟ್ಟೀನ ಅಲ್ಲಾಡಿಸತ್ತೆ, ಬ್ರಿಡ್ಜು ಟಾಪನ್ನ ಅಲ್ಲಾಡಿಸತ್ತೆ, ಟಾಪು ಗಾಳೀನ ತಳ್ಳತ್ತೆ. ಅಂದ್ರೆ ಟಾಪು ಹಗುರವಾಗೂ ಇರ್ಬೇಕು, ಬಿಗಿಯಾಗೂ ಇರ್ಬೇಕು, ಈ ಎರಡೂ ಒಟ್ಟಿಗೆ ಸಿಗೋ ಮರ ಸ್ಪ್ರೂಸ್, ಅದಕ್ಕೇ ಅದರ ಹೆಸರು ಎಲ್ಲಾ ಕಡೆ ಬರೋದು. ಲ್ಯಾಮಿನೇಟಲ್ಲಿ ಅಡ್ಡ ಎಳೆ, ಅಂಟು ಎರಡೂ ಸೇರಿ ಒಂದಿಷ್ಟು ಭಾರ ಜಾಸ್ತಿ, ಒಂದಿಷ್ಟು ಕಂಪನ ಅಲ್ಲೇ ಸತ್ತೋಗತ್ತೆ. ಸೋ ಟಾಪ್ ವಿಷಯದಲ್ಲಿ ಸಾಲಿಡ್‌ಗೆ ಒಂದು ಕೈ ಮೇಲೆ ಅನ್ನೋದು ಸುಳ್ಳಲ್ಲ, ಪಕ್ಕಪಕ್ಕ ಇಟ್ಟು ನುಡಿಸಿದ್ರೆ ಕೇಳ್ಸತ್ತೆ.

ಆದ್ರೆ ಅದೇ ಸಾಲಿಡ್ ಹಲಗೆಗೆ ಒಂದು ಕಾಯಿಲೆ ಇದೆ. ಮರ ಗಾಳೀಲಿರೋ ತೇವಾಂಶ ಕುಡಿಯತ್ತೆ, ಬಿಡತ್ತೆ, ಕಡಿದು ಎಷ್ಟು ವರ್ಷ ಆಗಿದ್ರೂ ಸರಿ. ತಮಾಷೆ ಏನಂದ್ರೆ ಎಳೆಯ ಉದ್ದಕ್ಕೆ ಅದು ಹಿಗ್ಗೋದು ಕುಗ್ಗೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಅಡ್ಡಕ್ಕೆ ಮಾತ್ರ ಚೆನ್ನಾಗೇ ಆಗತ್ತೆ. ಸುಮಾರು 40 ಸೆಂಟಿಮೀಟರ್ ಅಗಲದ ಟಾಪು ಹಿತವಾದ ವಾತಾವರಣದಿಂದ ಒಣ ವಾತಾವರಣಕ್ಕೆ ಹೋದ್ರೆ ಒಂದೆರಡು ಮಿಲಿಮೀಟರ್ ಕುಗ್ಗೋಕೆ ನೋಡತ್ತೆ, ಅಂಚೆಲ್ಲ ಪಕ್ಕೆಗೆ ಅಂಟಿಸಿರೋದ್ರಿಂದ ಕುಗ್ಗೋಕೆ ಜಾಗ ಇಲ್ಲ, ಹಂಗಾಗಿ ಸೀಳತ್ತೆ. ಅದಕ್ಕೇ ಗಿಟಾರ್ ಕಂಪನಿಗಳು ತೇವಾಂಶ 45ರಿಂದ 55 ಪರ್ಸೆಂಟ್ ಒಳಗೆ ಇಟ್ಕೊಳಿ ಅಂತ ಬಡ್ಕೊಳ್ಳೋದು. ಲ್ಯಾಮಿನೇಟಲ್ಲಿ ಒಂದು ಪದರ ಕುಗ್ಗೋಕೆ ಹೋದ್ರೆ ಅದಕ್ಕೆ ಅಡ್ಡ ಇರೋ ಪದರ ಬಿಡಲ್ಲ, ಒಬ್ಬರ ಕೈ ಇನ್ನೊಬ್ಬರು ಹಿಡ್ಕೊಂಡಂಗೆ. ನಾದ ಒಂಚೂರು ಮಂಕು ಮಾಡೋ ಅದೇ ಅಡ್ಡ ಎಳೆ ಬಿರುಕನ್ನೂ ತಡೀತದೆ.

ನಂದೊಂದು ಆಲ್ ಸಾಲಿಡ್ ಗಿಟಾರ್ ಇತ್ತು, ವರ್ಷಗಟ್ಟಲೆ ದುಡ್ಡು ಕೂಡಿಟ್ಟು ತಗೊಂಡಿದ್ದು. ಬೆಳಗಿಂದ ರಾತ್ರಿವರೆಗೂ ಎಸಿ ಓಡೋ ರೂಮಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸ್ತಿದ್ದೆ, ಒಂದಿನ ಬ್ರಿಡ್ಜಿಂದ ಕೆಳಗೆ ಕೂದಲೆಳೆ ಥರ ಒಂದು ಗೆರೆ ಕಾಣ್ತು, ಧೂಳು ಅಂದ್ಕೊಂಡು ಒರೆಸಿದೆ, ಹೋಗ್ಲಿಲ್ಲ. ರಿಪೇರಿ ಆಯ್ತು, ಆದ್ರೆ ಅದಾದ್ಮೇಲೆ ಆ ಗಿಟಾರ್ ಕೇಸಿಂದ ಹೊರಗೆ ಬರೋದೇ ಕಮ್ಮಿಯಾಯ್ತು. ತೇವಾಂಶದ ಪ್ಯಾಕೆಟ್ಟು, ಮೀಟರ್ರು, ಕೇಸಿನ ನಾಲ್ಕು ಲಾಚು, ಇಷ್ಟೆಲ್ಲ ತೆಗೆದು ಹತ್ತು ನಿಮಿಷ ನುಡಿಸೋಕೆ ಯಾರಿಗೆ ಮನಸ್ಸು ಬರತ್ತೆ ಹೇಳಿ. ಅದೇ ಹೊತ್ತಲ್ಲಿ ಗೋಡೆಗೆ ನೇತುಹಾಕಿದ್ದ ಹಳೇ ಲ್ಯಾಮಿನೇಟ್ ಗಿಟಾರ್ ದಿನಾ ಕೈಗೆ ಬರ್ತಿತ್ತು. ಫೋನಲ್ಲಿ ಮಾತಾಡ್ತಾ, ಕಂಪ್ಯೂಟರ್ ಆನ್ ಆಗೋ ಗ್ಯಾಪಲ್ಲಿ, ನಿದ್ದೆ ಬರದೇ ಇದ್ದಾಗ. ಆರು ತಿಂಗಳಲ್ಲಿ ಯಾವ ಗಿಟಾರಿಂದ ನನ್ನ ಕೈ ಸುಧಾರಿಸ್ತು ಅಂತ ಬೇರೆ ಹೇಳ್ಬೇಕಾ.

ಸರಿ, ಟಾಪಿನ ಕಥೆ ಆಯ್ತು. ಬೆನ್ನು, ಪಕ್ಕೆ? ತೊರೆಸ್ ರಟ್ಟಲ್ಲಿ ಕೇಳಿದ ಪ್ರಶ್ನೇನ 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಯೂನಿವರ್ಸಿಟಿಯವರು ಇನ್ನೂ ಶಿಸ್ತಾಗಿ ಕೇಳಿದ್ರು. ಆರು ಗಿಟಾರ್ ಮಾಡಿಸಿದ್ರು, ಎಲ್ಲದರ ವಿನ್ಯಾಸ ಒಂದೇ, ಬೆನ್ನು ಪಕ್ಕೆಯ ಮರ ಮಾತ್ರ ಬೇರೆ ಬೇರೆ, ಬ್ರೆಜಿಲಿಯನ್ ರೋಸ್‌ವುಡ್ ಥರ ಕೈಗೆಟುಕದ ಮರದಿಂದ ಹಿಡಿದು ಸಪೇಲಿಯಂಥ ಸಾಧಾರಣ ಮರದವರೆಗೆ. ಮಂದ ಬೆಳಕಿನ ಕೋಣೇಲಿ ಕಣ್ಣಿಗೆ ವೆಲ್ಡಿಂಗ್ ಮಾಡೋರ ಕನ್ನಡಕ ಹಾಕಿಸಿ 52 ಗಿಟಾರ್ ವಾದಕರ ಕೈಗೆ ಕೊಟ್ರು. ಅವರು ಕೊಟ್ಟ ಅಂಕಗಳಲ್ಲಿ ದುಬಾರಿ ಮರ ಅಗ್ಗದ ಮರ ಅಂತ ಹೇಳ್ಕೊಳ್ಳೋ ವ್ಯತ್ಯಾಸವೇ ಬರ್ಲಿಲ್ಲ. ಇದರರ್ಥ ಬೆನ್ನಿನ ಮರಕ್ಕೆ ಏನೂ ಪಾತ್ರ ಇಲ್ಲ ಅಂತಲ್ಲ, ಅದು ಎಷ್ಟು ದಪ್ಪ, ಎಷ್ಟು ಭಾರ, ಹೆಂಗೆ ಕಟ್ಟಿದಾರೆ ಅನ್ನೋದು ಲೆಕ್ಕಕ್ಕೆ ಬರತ್ತೆ, ಆದ್ರೆ ಮರದ ಹೆಸರಿಗೆ ನಾವು ಕೊಡೋ ಮರ್ಯಾದೆ ಜಾಸ್ತಿ ಪಾಲು ಕಣ್ಣಿಂದ ಬರೋದು, ಕಿವಿಯಿಂದ ಅಲ್ಲ.

ಗಿಟಾರ್ ಮಾಡೋ ಟೇಲರ್ ಕಂಪನಿಯ ಬಾಬ್ ಟೇಲರ್ ಇದನ್ನ ಇನ್ನೂ ಒಂದು ಹೆಜ್ಜೆ ಮುಂದೆ ತಗೊಂಡೋದ್ರು, 1995ರಲ್ಲಿ ಸಾಮಾನು ಸಾಗಿಸೋ ಓಕ್ ಮರದ ಪ್ಯಾಲೆಟ್ ಒಡೆದು ಅದರಿಂದಾನೇ ಗಿಟಾರ್ ಮಾಡಿದ್ರು. ಮೊಳೆ ಹೊಡೆದಿದ್ದ ತೂತುಗಳನ್ನ ಮುಚ್ಚಿಡದೆ ಅಲ್ಯೂಮಿನಿಯಂ ತುಂಬಿಸಿ ಎದ್ದು ಕಾಣೋ ಹಂಗೆ ಬಿಟ್ರು, ಫ್ರೆಟ್‌ಬೋರ್ಡ್ ಮೇಲೆ ಫೋರ್ಕ್‌ಲಿಫ್ಟಿನ ಚಿತ್ರ ಬೇರೆ. ಕಸದ ಮರದಲ್ಲೂ ಕೈಚಳಕ ಇದ್ರೆ ಒಳ್ಳೆ ಗಿಟಾರ್ ಆಗತ್ತೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ.

ಪ್ಲೈವುಡ್ ಅಂದ ತಕ್ಷಣ ಮೂಗು ಮುರಿಯೋರಿಗೆ ಇನ್ನೊಂದು ವಿಷಯ. ಜಾಝ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ನುಡಿಸ್ತಿದ್ದ ಸೆಲ್ಮರ್ ಗಿಟಾರ್, 1932ರಲ್ಲಿ ಮಾರಿಯೊ ಮಕಾಫೆರ್ರಿ ವಿನ್ಯಾಸ ಮಾಡಿದ್ದು, ಅದರ ಬೆನ್ನು ಪಕ್ಕೆ ಲ್ಯಾಮಿನೇಟೇ. ದುಡ್ಡು ಉಳಿಸೋಕೆ ಅಲ್ಲ, ಬೇಕು ಅಂತಾನೇ ಮಾಡಿದ್ದು, ಬೆನ್ನು ಬಿಗಿಯಾಗಿದ್ರೆ ಶಕ್ತಿ ಎಲ್ಲ ಟಾಪಿಂದಾನೇ ಮುಂದಕ್ಕೆ ಹೋಗತ್ತೆ ಅನ್ನೋ ಲೆಕ್ಕ. ಇನ್ನು ನಿಜವಾಗ್ಲೂ ಅಗ್ಗದ ಗಿಟಾರ್ ಬೇಕಂದ್ರೆ ಬ್ಲೂಸ್ ಗಾಯಕ ಲೆಡ್ ಬೆಲ್ಲಿ ಕೈಲಿದ್ದ 12 ತಂತಿಯ ಸ್ಟೆಲ್ಲಾ ಇದೆ, ಆ ಕಾಲಕ್ಕೆ ಸ್ಟೆಲ್ಲಾ ಅಂದ್ರೆ ಬಡವರ ಗಿಟಾರ್. ಯಮಹಾದವರು 1966ರಲ್ಲಿ ಎಫ್‌ಜಿ ಸೀರೀಸ್ ಶುರು ಮಾಡಿದ್ರು, ಎಫ್‌ಜಿ ಅಂದ್ರೆ ಫೋಕ್ ಗಿಟಾರ್, ಆ ಮೊದಲ ಎಫ್‌ಜಿಗಳ ಟಾಪ್ ಕೂಡ ಲ್ಯಾಮಿನೇಟು, ಆದ್ರೂ 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆ ಮೇಲೆ ಗಾಯಕ ಕಂಟ್ರಿ ಜೋ ಮೆಕ್‌ಡೊನಾಲ್ಡ್ ಒಬ್ಬನೇ ನಿಂತು ನುಡಿಸಿದ್ದು ಎಫ್‌ಜಿ-150ನ್ನೇ. ಆ ಕಾಲದ ಎಫ್‌ಜಿಗಳು ಇವತ್ತಿಗೂ ಕೈಯಿಂದ ಕೈಗೆ ಓಡಾಡ್ತಿವೆ, ಅಡ್ಡ ಎಳೆಯ ಪುಣ್ಯ ಅನ್ಬೇಕು.

ಆಮೇಲೆ ಮರವೇ ಬೇಡ ಅನ್ನೋ ಗುಂಪೂ ಇದೆ. ಹೆಲಿಕಾಪ್ಟರ್ ಮಾಡ್ತಿದ್ದ ಚಾರ್ಲ್ಸ್ ಕಾಮನ್ 1966ರಲ್ಲಿ ಒವೇಶನ್ ಕಂಪನಿ ಶುರು ಮಾಡಿ ಗ್ಲಾಸ್ ಫೈಬರಿನ ಬೋಗುಣಿ ಬೆನ್ನಿನ ಗಿಟಾರ್ ತಂದ, ತೊಡೆ ಮೇಲೆ ಜಾರತ್ತೆ ಅನ್ನೋದು ಬಿಟ್ರೆ ಗಟ್ಟಿತನಕ್ಕೆ ತಕರಾರಿಲ್ಲ. ಮಾರ್ಟಿನ್ ಕಂಪನಿ ತಮ್ಮ ಕಮ್ಮಿ ಬೆಲೆಯ ಎಕ್ಸ್ ಸೀರೀಸ್‌ಗೆ ಎಚ್‌ಪಿಎಲ್ ಬಳಸ್ತಾರೆ, ಕಾಗದದ ಹಾಳೆಗಳನ್ನ ರಾಳದಲ್ಲಿ ನೆನೆಸಿ, ಬಿಸಿ ಮಾಡಿ, ಭಾರೀ ಒತ್ತಡದಲ್ಲಿ ಅಂಟಿಸಿದ್ದು, ನಮ್ಮ ಭಾಷೇಲಿ ಹೇಳೋದಾದ್ರೆ ಸನ್‌ಮೈಕಾದ ಅಣ್ಣ. ಗಾಯಕ ಎಡ್ ಶೀರನ್ ಸ್ಟೇಡಿಯಂ ತುಂಬಿಸ್ಕೊಂಡು ನುಡಿಸಿದ್ದ ಆ ಪುಟಾಣಿ ಲಿಟ್ಲ್ ಮಾರ್ಟಿನ್ ಇದೇ ಜಾತಿದು. ತೊರೆಸ್‌ನ ರಟ್ಟು ಸುತ್ತಿ ಬಳಸಿ ವಾಪಸ್ ಬಂತು ನೋಡಿ. ಕಾರ್ಬನ್ ಫೈಬರ್ ಗಿಟಾರ್‌ಗಳೂ ಇವೆ, ಮಳೆ ಬಿಸಿಲು ಯಾವುದಕ್ಕೂ ಜಗ್ಗಲ್ಲ, ಆದ್ರೆ ಅವು ಅಗ್ಗ ಅಲ್ಲ, ಹಾಗಾಗಿ ಇಲ್ಲಿಗೆ ಬಿಡ್ತೀನಿ.

ಹಳೇ ಕಾಲದ ಅಗ್ಗದ ಗಿಟಾರ್‌ಗೂ ಈಗಿಂದಕ್ಕೂ ಅಜಗಜಾಂತರ ಯಾಕೆ ಅಂತ ಕೇಳಿದ್ರೆ ಮುಖ್ಯ ಕಾರಣ ಸಿಎನ್‌ಸಿ, ಕಂಪ್ಯೂಟರ್ ಹೇಳ್ದಂಗೆ ಕೊರೆಯೋ ಯಂತ್ರ. ಟೇಲರ್ ಥರದ ಕಂಪನಿಗಳು 1990ರ ಆಸುಪಾಸಲ್ಲೇ ಇದನ್ನ ತಂದ್ರು, ಆಮೇಲೆ ಎಲ್ಲರ ಹತ್ರಾನೂ ಬಂತು. ಫ್ರೆಟ್, ಅಂದ್ರೆ ಕುತ್ತಿಗೆ ಮೇಲೆ ಅಡ್ಡಡ್ಡ ಕೂರೋ ಲೋಹದ ಪಟ್ಟಿಗೆ ಕಚ್ಚು ಕೊರೆಯೋದ್ರಲ್ಲಿ ಯಂತ್ರ ದುಬಾರಿ ಗಿಟಾರ್, ಅಗ್ಗದ ಗಿಟಾರ್ ಅಂತ ಭೇದ ಮಾಡಲ್ಲ. ಇದು ಯಾಕೆ ದೊಡ್ಡ ವಿಷಯ ಅಂದ್ರೆ, ಫ್ರೆಟ್ ಜಾಗ ಲೆಕ್ಕಕ್ಕೆ ತಪ್ಪಿದ್ರೆ ಆ ಗಿಟಾರ್ ಜನ್ಮದಲ್ಲಿ ಶ್ರುತಿಗೆ ಬರಲ್ಲ. ತಂತಿಯ ಉದ್ದ 648 ಮಿಲಿಮೀಟರ್ ಅಂತಿಟ್ಕೊಳಿ, ಮೊದಲ ಫ್ರೆಟ್ ಎಲ್ಲಿರ್ಬೇಕು ಅಂದ್ರೆ ಅದನ್ನ 17.817ರಿಂದ ಭಾಗಿಸಿ, 36.4 ಮಿಲಿಮೀಟರ್. ಉಳಿದ ಉದ್ದಾನ ಮತ್ತೆ ಅದರಿಂದಾನೇ ಭಾಗಿಸಿದ್ರೆ ಎರಡನೇದು. ಹಿಂಗೆ ಹನ್ನೆರಡು ಸಲ ಮಾಡಿದ್ರೆ ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ನಿಲ್ತೀರಿ. ಈ ಕೆಲಸ ಈಗ ಅಗ್ಗದ ಗಿಟಾರಲ್ಲೂ ಸಾಮಾನ್ಯವಾಗಿ ಕರೆಕ್ಟಾಗೇ ಇರತ್ತೆ.

ಹಂಗಾದ್ರೆ ಅಗ್ಗದ್ದಕ್ಕೆ ಅಗ್ಗ ಯಾಕೆ? ಯಂತ್ರ ಮಾಡೋದೆಲ್ಲ ಮಾಡಿದ್ಮೇಲೆ ಕೊನೇಲಿ ಮನುಷ್ಯ ಕೂತು ಒಂದೊಂದೇ ಗಿಟಾರ್ ಎತ್ಕೊಂಡು ನುಡಿಸಿ, ತಂತಿಯ ಎರಡು ತುದಿ ಕೂರೋ ಪಟ್ಟಿಗಳಾದ ನಟ್ ಉಜ್ಜಿ, ಸ್ಯಾಡಲ್ ತಗ್ಗಿಸಿ, ಫ್ರೆಟ್ ಮಟ್ಟ ಮಾಡ್ಬೇಕಲ್ಲ, ಆ ಸಮಯಕ್ಕೆ ಕತ್ರಿ. ತಂತಿ ತಗ್ಗಿದ್ರೆ ಝರ್ ಅಂತ ಕಂಪ್ಲೇಂಟ್ ಬರತ್ತೆ, ಎತ್ತರ ಇದ್ರೆ ಹೊಸಬರು ತಮ್ಮ ಬೆರಳನ್ನೇ ಬೈಕೊಳ್ತಾರೆ, ಸೋ ಕಾರ್ಖಾನೆಯವ್ರು ಸೇಫಾಗಿ ಎತ್ತರಾನೇ ಇಟ್ಟು ಕಳಿಸ್ತಾರೆ. ನನ್ನ ಮೊದಲ ಗಿಟಾರಲ್ಲಿ ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸೋ ಸ್ವರಗುಚ್ಛ) ಹಿಡಿಯೋಕೆ ಎಂಟು ತಿಂಗಳು ಒದ್ದಾಡಿದ್ದೆ, ನಂಗೆ ಗಿಟಾರ್ ಬರಲ್ಲ ಅಂತ ತೀರ್ಮಾನಾನೂ ಆಗಿತ್ತು. ರಿಪೇರಿ ಮಾಡೋ ಒಬ್ಬರು ಹಿರಿಯರು ನೋಡಿ, "ನಿನ್ನ ಕೈ ಸರಿ ಇದೆ ಕಣಪ್ಪ, ನಟ್ ಸರಿ ಇಲ್ಲ" ಅಂದು ಸಣ್ಣ ಫೈಲ್ ತಗೊಂಡು ಇಪ್ಪತ್ತು ನಿಮಿಷ ಕೂತ್ರು. ಅದೇ ಗಿಟಾರ್, ಅದೇ ತಂತಿ, ಎಫ್ ಬಂತು. ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು ನಂಗೆ, ಎಂಟು ತಿಂಗಳಿನ ಮೇಲೆ.

ನಟ್ ಅಂದ್ರೆ ತಲೆ ಕಡೆ ತಂತಿಗಳು ಕೂರೋ ಬಿಳಿ ಪಟ್ಟಿ. ಅದರಲ್ಲಿ ತಂತಿ ಕೂರೋ ಕಚ್ಚುಗಳು ಮೇಲಿದ್ರೆ ಎರಡು ತೊಂದ್ರೆ. ಒಂದು, ಮೊದಲ ಎರಡು ಮೂರು ಫ್ರೆಟ್ಟಲ್ಲಿ ತಂತಿ ಒತ್ತೋಕೆ ಸಿಕ್ಕಾಪಟ್ಟೆ ಬಲ ಬೇಕು, ಹೊಸಬರು ನುಡಿಸೋದೇ ಅಲ್ಲಿ. ಎರಡು, ತಂತೀನ ಅಷ್ಟು ಕೆಳಗೆ ಎಳೆದಾಗ ಅದು ಇನ್ನೂ ಬಿಗಿಯಾಗತ್ತೆ, ಬಿಗಿಯಾದ್ರೆ ಸ್ವರ ಏರತ್ತೆ, ಖಾಲಿ ತಂತಿ ಟ್ಯೂನರಲ್ಲಿ ಕರೆಕ್ಟ್ ತೋರ್ಸತ್ತೆ, ಕಾರ್ಡ್ ಹಿಡಿದ್ರೆ ಅಪಸ್ವರ. "ಈ ಗಿಟಾರ್ ಟ್ಯೂನ್ ಆಗೋದೇ ಇಲ್ಲ" ಅನ್ನೋ ದೂರಲ್ಲಿ ಅರ್ಧಕ್ಕರ್ಧ ಇದೇ ಅನ್ಸತ್ತೆ ನಂಗೆ. ಪರೀಕ್ಷೆ ಮಾಡೋದು ಸುಲಭ: ತಂತೀನ ಎರಡನೇ ಮತ್ತೆ ಮೂರನೇ ಫ್ರೆಟ್ಟಿನ ಮಧ್ಯ ಒತ್ತಿ ಹಿಡಿದು, ಮೊದಲನೇ ಫ್ರೆಟ್ ಮೇಲೆ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಸಂದು ಇದೆ ನೋಡಿ. ಒಂದು ತೆಳು ಕಾಗದ ತೂರೋಷ್ಟು ಇದ್ರೆ ಸಾಕು. ಬೆರಳುಗುರು ತೂರತ್ತೆ ಅಂದ್ರೆ ನಟ್‌ಗೆ ಕೆಲಸ ಇದೆ. ಸಂದೇ ಇಲ್ಲ, ತಂತಿ ಫ್ರೆಟ್ ಮೇಲೇ ಕೂತಿದೆ ಅಂದ್ರೆ ಕಚ್ಚು ಜಾಸ್ತಿ ಆಳ ಆಗಿದೆ, ಖಾಲಿ ತಂತಿ ಝರ್ ಅನ್ನತ್ತೆ.

ಆಮೇಲೆ ಕುತ್ತಿಗೆ. ಸಾಧಾರಣ ಲೈಟ್ ಸ್ಟೀಲ್ ತಂತಿ ಸೆಟ್ ಹಾಕಿ ಶ್ರುತಿ ಮಾಡಿದ್ರೆ ಆರೂ ತಂತಿ ಸೇರಿ 70 ಕೆಜಿ ಮೇಲೆ ಎಳೀತವೆ, ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಅದಕ್ಕೆ ಜೋತುಬಿದ್ದಂಗೆ. ಕುತ್ತಿಗೆ ಬಿಲ್ಲಿನ ಥರ ಮುಂದಕ್ಕೆ ಬಾಗೋದು ಸಹಜ, ಅದನ್ನ ಹಿಂದಕ್ಕೆ ಎಳೆಯೋಕೆ ಒಳಗೆ ಒಂದು ಕಬ್ಬಿಣದ ಸರಳು ಇರತ್ತೆ, ಟ್ರಸ್ ರಾಡ್. ಗಿಬ್ಸನ್‌ನವರು 1920ರ ದಶಕದಲ್ಲೇ ತಿರುಗಿಸೋಕೆ ಬರೋ ಟ್ರಸ್ ರಾಡ್ ಹಾಕಿದ್ರು, ಮಾರ್ಟಿನ್‌ನವರು ಅದನ್ನ ಒಪ್ಕೊಂಡಿದ್ದು 1985ರಲ್ಲಿ, ಅಂದ್ರೆ ಇವತ್ತಿನ ಸಾಧಾರಣ ಗಿಟಾರಲ್ಲೂ ಇರೋ ಸೌಕರ್ಯ ಹಳೇ ದುಬಾರಿ ಮಾರ್ಟಿನ್‌ಗಳಲ್ಲಿ ಇರ್ಲಿಲ್ಲ. ಮೊದಲ ಫ್ರೆಟ್ಟು ಮತ್ತೆ ಕುತ್ತಿಗೆ ದೇಹಕ್ಕೆ ಸೇರೋ ಜಾಗದ ಫ್ರೆಟ್ಟು ಎರಡೂ ಕಡೆ ದಪ್ಪ ತಂತೀನ ಒಟ್ಟಿಗೆ ಒತ್ತಿ, ಆಗ ತಂತೀನೇ ನೇರ ಸ್ಕೇಲ್ ಆಗತ್ತೆ, ಏಳನೇ ಫ್ರೆಟ್ ಹತ್ರ ಕಾಲು ಮಿಲಿಮೀಟರ್ ಆಸುಪಾಸು ಸಂದು ಕಂಡ್ರೆ ಚೆನ್ನಾಗಿದೆ. ಜಾಸ್ತಿ ಇದ್ರೆ ರಾಡ್ ಬಿಗಿ ಮಾಡ್ಬೇಕು, ಕಾಲು ಸುತ್ತು ತಿರುಗಿಸಿ ಒಂದಿನ ಬಿಡಿ, ಒಂದೇ ಸಲ ಬಲ ಪ್ರಯೋಗ ಬೇಡ. ಒಂದು ಮಾತು, ಟ್ರಸ್ ರಾಡ್ ಇರೋದು ಕುತ್ತಿಗೆ ಬಾಗು ಸರಿ ಮಾಡೋಕೆ, ತಂತಿ ಎತ್ತರ ತಗ್ಗಿಸೋಕಲ್ಲ, ಇದೆರಡನ್ನ ಕಲಸಿಕೊಂಡು ರಾಡ್ ತಿರುಗಿಸಿ ತಿರುಗಿಸಿ ಮುರ್ಕೊಂಡೋರು ಇದಾರೆ.

ಎತ್ತರ ತಗ್ಗಿಸೋದು ಸ್ಯಾಡಲ್‌ನಲ್ಲಿ, ಬ್ರಿಡ್ಜ್ ಮೇಲೆ ನಿಂತಿರೋ ಪಟ್ಟಿ. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಯ ಕೆಳಗೆ ಎರಡೂವರೆ ಮಿಲಿಮೀಟರ್, ಸಣ್ಣ ತಂತಿಯ ಕೆಳಗೆ ಎರಡರ ಹತ್ರ ಇದ್ರೆ ಬಹಳ ಜನಕ್ಕೆ ಹಿತವಾಗಿರತ್ತೆ. ಹನ್ನೆರಡನೇ ಫ್ರೆಟ್ ತಂತಿಯ ಮಧ್ಯ ಇರೋದ್ರಿಂದ ಅಲ್ಲಿ ಅರ್ಧ ಮಿಲಿಮೀಟರ್ ಇಳೀಬೇಕಂದ್ರೆ ಸ್ಯಾಡಲಲ್ಲಿ ಪೂರ್ತಿ ಒಂದು ಮಿಲಿಮೀಟರ್ ಹೋಗ್ಬೇಕು. ಸ್ಯಾಡಲ್ ಹೊರಗೆ ತೆಗೆದು, ಅದರ ತಳಾನ ಮಟ್ಟಸವಾಗಿ ಸ್ಯಾಂಡ್‌ಪೇಪರ್ ಮೇಲೆ ಉಜ್ಜೋದು, ಅಷ್ಟೇ. ಗಿಟಾರ್ ತಗೊಳ್ಳೋವಾಗ ಎಲ್ಲಕ್ಕಿಂತ ಮೊದ್ಲು ನಾನು ನೋಡೋದು ಇದನ್ನೇ: ತಂತಿ ಎತ್ತರ ಎಷ್ಟಿದೆ, ಇಳಿಸೋಕೆ ಸ್ಯಾಡಲ್ ಎಷ್ಟು ಉಳ್ದಿದೆ. ತಂತಿ ಎತ್ತರ ಇದ್ದು, ಸ್ಯಾಡಲ್ ಆಗ್ಲೇ ಬ್ರಿಡ್ಜ್ ಒಳಗೆ ಮುಳುಗಿದೆ ಅಂದ್ರೆ ಕುತ್ತಿಗೆ ಕೂರಿಸಿರೋ ಕೋನಾನೇ ತಪ್ಪು. ಅದನ್ನ ಸರಿ ಮಾಡೋಕೆ ಕುತ್ತಿಗೆ ಬಿಚ್ಚಿ ಮತ್ತೆ ಕೂರಿಸ್ಬೇಕು, ಅಗ್ಗದ ಗಿಟಾರ್‌ಗೆ ಆ ಖರ್ಚು ಗಿಟಾರಿನ ಬೆಲೇನೇ ಮೀರಿಸತ್ತೆ. ಇದೊಂದು ಮಾತ್ರ ಎಷ್ಟೇ ಚೆಂದ ಇರ್ಲಿ, ಎಷ್ಟೇ ಕಮ್ಮಿಗೆ ಸಿಗ್ಲಿ, ವಾಪಸ್ ಇಟ್ಟು ಬನ್ನಿ.

ಟ್ಯೂನಿಂಗ್ ಕೀಗಳಿಗೆ ಜನ ಸುಮ್ನೆ ಬೈತಾರೆ. ಹೊಸ ತಂತಿ ಎಳೆದು ಪಳಗಿಸದೇ ಇದ್ರೆ ಇಳೀತಾನೇ ಇರತ್ತೆ, ನಟ್ ಕಚ್ಚಲ್ಲಿ ತಂತಿ ಸಿಕ್ಕಿಕೊಂಡ್ರೆ ಕೀ ತಿರುಗಿಸಿದ್ರೂ ಮೊದ್ಲು ಏನೂ ಆಗಲ್ಲ, ಆಮೇಲೆ ಟಿಕ್ ಅಂತ ಒಂದೇ ಸಲ ಹಾರತ್ತೆ. ಕಚ್ಚಿಗೆ ಪೆನ್ಸಿಲ್ ತುದಿ ಉಜ್ಜಿ, ಅದರ ಗ್ರಾಫೈಟ್ ಒಳ್ಳೆ ಜಾರುಪುಡಿ. ಅಷ್ಟಾದ್ರೂ ಸರಿಹೋಗ್ಲಿಲ್ಲ ಅಂದ್ರೆ ಕೀ ಬದಲಾಯ್ಸಿ, ಸ್ಕ್ರೂಡ್ರೈವರ್ ಕೆಲಸ. ತಂತಿಗೂ ಇದೇ ಮಾತು, ಬೆರಳು ನೋಯತ್ತೆ ಅಂದ್ರೆ 12ರ ಸೆಟ್ ಬದ್ಲು 11ರ ಸೆಟ್ ಹಾಕಿ, 12 ಅಂದ್ರೆ ಸೆಟ್ಟಿನ ಅತಿ ಸಣ್ಣ ತಂತಿ ಇಂಚಿನ ಸಾವಿರದಲ್ಲಿ 12 ಭಾಗ ದಪ್ಪ ಅಂತ, ಸಂಖ್ಯೆ ಇಳಿದಷ್ಟೂ ಎಳೆತ ಕಮ್ಮಿ. ಅಗ್ಗದ ಗಿಟಾರ್‌ಗೆ ಹೊಸ ತಂತಿ ಹಾಕಿದ್ರೆ ಆಗೋ ವ್ಯತ್ಯಾಸ ಹಳೇ ತುಕ್ಕು ತಂತಿಯ ದುಬಾರಿ ಗಿಟಾರನ್ನ ನಾಚಿಸತ್ತೆ, ಇದನ್ನ ನಾನು ಪಣ ಕಟ್ಟಿ ಹೇಳ್ತೀನಿ.

ದುಬಾರಿ ಗಿಟಾರ್ ಎಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ಹಗುರವಾಗಿ ಕಟ್ಟಿದ ಒಳ್ಳೆ ಗಿಟಾರಲ್ಲಿ ಮೆತ್ತಗೆ ಮುಟ್ಟಿದ್ರೂ ಮಾತಾಡೋ ಒಂದು ಗುಣ ಇರತ್ತೆ, ಜೋರಾಗಿ ಹೊಡೆದ್ರೆ ಇನ್ನೂ ಜೋರಾಗೋಕೆ ಜಾಗ ಇರತ್ತೆ, ಲ್ಯಾಮಿನೇಟ್ ಟಾಪಲ್ಲಿ ಒಂದು ಹಂತಕ್ಕೆ ಬಂದು ಗೋಡೆ ಹಾಯ್ದಂಗೆ ನಿಂತ್ಬಿಡತ್ತೆ. ರೆಕಾರ್ಡ್ ಮಾಡೋರಿಗೆ, ಬೆರಳಲ್ಲಿ ಸೂಕ್ಷ್ಮವಾಗಿ ನುಡಿಸೋರಿಗೆ ಅದು ಬೇಕು. ದಿನಾ ನುಡಿಸೋಕೆ ಅಂದ್ರೆ ನನ್ನ ಓಟು ಮಧ್ಯದ ದಾರಿಗೆ, ಸಾಲಿಡ್ ಸ್ಪ್ರೂಸ್ ಟಾಪು, ಲ್ಯಾಮಿನೇಟ್ ಬೆನ್ನು ಪಕ್ಕೆ. ನಾದ ಹುಟ್ಟೋ ಕಡೆ ಒಳ್ಳೆ ಮರ, ಏಟು ಬೀಳೋ ಕಡೆ ಗಟ್ಟಿ ಪದರ. ಇನ್ನೂ ಒರಟಾಗಿ ಬಳಸೋರಾದ್ರೆ, ಪ್ರಯಾಣ, ಮಕ್ಕಳು, ಹವಾಮಾನ ಅಂತೆಲ್ಲ ಇದ್ರೆ ಪೂರ್ತಿ ಲ್ಯಾಮಿನೇಟೇ ಇರ್ಲಿ ಬಿಡಿ.

ಹಾಂ, ಗಟ್ಟಿ ಅಂತ ಎಲ್ಲದಕ್ಕೂ ಗಟ್ಟಿ ಅಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ 60 ಡಿಗ್ರಿ ಮುಟ್ಟೋದು ದೊಡ್ಡ ವಿಷಯ ಅಲ್ಲ, ಆ ಶಾಖಕ್ಕೆ ಅಂಟು ಮೆತ್ತಗಾಗತ್ತೆ, 70 ಕೆಜಿ ಎಳೆತಕ್ಕೆ ಬ್ರಿಡ್ಜು ನಿಧಾನಕ್ಕೆ ಮೇಲೇಳತ್ತೆ, ಅದಕ್ಕೆ ಲ್ಯಾಮಿನೇಟು ಸಾಲಿಡ್ಡು ಎರಡೂ ಒಂದೇ. ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ್ಲೂ ಬ್ರಿಡ್ಜಿನ ಹಿಂಬದಿ ಅಂಚಿಗೆ ಒಂದು ಕಾಗದ ತೂರಿಸಿ ನೋಡಿ, ಒಳಗೆ ಹೋದ್ರೆ ಅಂಟು ಬಿಡ್ತಿದೆ ಅಂತ ಅರ್ಥ. ಗೀರು, ಬಣ್ಣ ಎದ್ದಿರೋದು, ಮೂಲೇಲಿ ಚಕ್ಕೆ ಹಾರಿರೋದಕ್ಕೆಲ್ಲ ತಲೆ ಕೆಡಿಸ್ಕೊಬೇಡಿ. ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ ಗಿಟಾರ್ ಟಾಪಲ್ಲಿ, ತಂತಿ ಮೀಟೋ ಪಿಕ್ ತಾಗಿ ತಾಗಿ ದೊಡ್ಡ ತೂತೇ ಬಿದ್ದಿದೆ, 1969ರ ಮಾರ್ಟಿನ್ ಅದು, ಅವರು ಅದನ್ನ ಬಿಟ್ಟಿಲ್ಲ.

ನನ್ನ ಗೋಡೆ ಮೇಲಿರೋ ಗಿಟಾರ್‌ಗೆ ಸ್ಯಾಡಲ್ ನಾನೇ ಉಜ್ಜಿದ್ದು. ಸ್ವಲ್ಪ ಸ್ವಲ್ಪ ಉಜ್ಜು, ಪ್ರತೀ ಸಲ ತಂತಿ ಹಾಕಿ ನೋಡು ಅಂತ ಆ ಹಿರಿಯರು ನೂರು ಸಲ ಹೇಳಿದ್ರು, ನಾನು ಹಾಡು ಕೇಳ್ತಾ ಉಜ್ಜಿ ಉಜ್ಜಿ ಅರ್ಧ ಮಿಲಿಮೀಟರ್ ಜಾಸ್ತಿ ತೆಗೆದ್ಬಿಟ್ಟೆ, ಮೂರನೇ ತಂತಿ ಝರ್ ಅನ್ನೋಕೆ ಶುರುವಾಯ್ತು. ಹೊಸ ಸ್ಯಾಡಲ್ ತರೋವರೆಗೂ ಇರ್ಲಿ ಅಂತ ವಿಸಿಟಿಂಗ್ ಕಾರ್ಡ್ ಒಂದನ್ನ ಸಣ್ಣ ಪಟ್ಟಿ ಕತ್ತರಿಸಿ ಕೆಳಗೆ ತೂರಿಸ್ದೆ. ಮೂರು ವರ್ಷ ಆಯ್ತು, ಅದರ ಮೇಲೇ ನಿಂತಿದೆ.